ಒಡ್ಡಿನ ಕೆಳಗೆ ವಸ್ತಿ ಇಲ್ಲ

ಗೊರೇಬಾಳ, ಕಾಲುವೆ ಕ್ವಾರ್ಟರ್ಸ್
ತಾ. 3-12-1969, ಬುಧವಾರ, ಸಂಜೆ ಐದೂವರೆ

ಪ್ರೀತಿಯ ತಮ್ಮ ಗ್ಯಾನಪ್ಪನಿಗೆ,

ಈಗಷ್ಟೇ ತೂಬಿನ ಮಟ್ಟ ನೋಡಿ ಬಂದು, ಕೈಕಾಲು ತೊಳೆದು ಕೂತಿದ್ದೇನೆ. ಬೆಳಗ್ಗೆ ಮಟ್ಟ ಮೂರಡಿ ಎರಡಂಗುಲ ಇತ್ತು, ಸಂಜೆಯೂ ಅಷ್ಟೇ. ಕ್ಯಾಂಪಿನ ರೈತರು ನೆಲ್ಲು ಕೊಯ್ಯುತ್ತಿದ್ದಾರೆ, ನೀರು ಬೇಕು ಎಂದು ಬಾಗಿಲಿಗೆ ಬಂದು ಜಗಳ ಆಡುವವರು ಯಾರೂ ಇಲ್ಲ. ಹನ್ನೊಂದು ಗಂಟೆಗೆ ಟಪಾಲಿನವನು ನಿನ್ನ ಲಕೋಟೆ ಕೊಟ್ಟು ಹೋದ. ಓದಿ ಮಡಚಿ ಇಟ್ಟು ಕಾಲುವೆಯ ಏರಿಯ ಮೇಲೆ ಎರಡು ಮೈಲಿ ನಡೆದೆ, ಹೊಳ್ಳಿ ಬಂದು ಮತ್ತೊಮ್ಮೆ ಓದಿದೆ. ಮಧ್ಯಾಹ್ನ ಅಡುಗೆ ಮಾಡಿಕೊಳ್ಳಲಿಲ್ಲ. ನಿನ್ನೆಯ ರೊಟ್ಟಿ ಇತ್ತು, ಅದನ್ನೇ ಮಜ್ಜಿಗೆಯಲ್ಲಿ ನೆನೆಸಿ ತಿಂದೆ.

ನಿನ್ನ ಮೈ ಹೇಗಿದೆ? ಉಗುಳು ಕೂಡ ಕಪ್ಪಗೆ ಬರುತ್ತದೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಕಲ್ಲಿದ್ದಲ ಊರಿನಲ್ಲಿ ಎಲ್ಲರಿಗೂ ಹಾಗೇ ಏನೋ, ಆದರೂ ದವಾಖಾನೆಗೆ ತೋರಿಸು. ಚಿಕ್ಕವನಿದ್ದಾಗ ಚಳಿಗಾಲ ಬಂತೆಂದರೆ ನಿನ್ನ ಎದೆ ಗೊರಗೊರ ಅನ್ನುತ್ತಿತ್ತು, ನಿನ್ನ ಅತ್ತಿಗೆ ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತಿದ್ದಳು. ನಿನ್ನ ಹೆಂಡತಿ ಬಸವಣ್ಣೆಮ್ಮನಿಗೆ, ಮಕ್ಕಳಿಗೆ ಅಲ್ಲಿಯ ಚಳಿ ಒಗ್ಗಿತೋ ಇಲ್ಲವೋ? ಜೋಗಮ್ಮ ಶಾಲೆಯಲ್ಲಿ ಹಿಂದಿಯಲ್ಲಿ ಮಾತಾಡುತ್ತಾಳೆ ಎಂದು ಬರೆದದ್ದು ಓದಿ ನಗು ಬಂತು. ನೀನಾದರೂ ನಿಜಾಮನ ಕಾಲದ ಮಾಸ್ತರರ ಕೈಯಲ್ಲಿ ಉರ್ದು ಕಲಿತವನು, ಧನಬಾದಿನಲ್ಲಿ ಅದು ನಿನಗೆ ಅನ್ನ ಕೊಡುತ್ತಿದೆ. ಆ ಕೂಸು ಎಲ್ಲಿಂದ ಕಲಿಯಿತು! ಸಣ್ಣವನು ಹಾಲು ಕುಡಿಯಲು ಹಟ ಮಾಡುತ್ತಾನಂತೆ. ಬೆಲ್ಲ ಹಾಕಿ ಕೊಡಲು ಹೇಳು, ನೀನೂ ಹಾಗೇ ಇದ್ದೆ.

ಇನ್ನು ನಿನ್ನ ಪತ್ರದ ಮಾತು. ಜೊತೆಗೆ ಟೈಪು ಮಾಡಿಸಿ ಕಳಿಸಿದ ಕಾಗದವನ್ನೂ ಓದಿದೆ, ಕನ್ನಡದಲ್ಲೇ ಇದೆ, ಅರ್ಥ ಆಗಿದೆ. ನಾಳೆ ಲಿಂಗಸುಗೂರಿನಲ್ಲಿ ವಿಚಾರಣೆಯ ಸಾಹೇಬರು ಒಡ್ಡು ಒಡೆದು ಸತ್ತವರ ಮನೆಯವರ ಹೇಳಿಕೆ ತೆಗೆದುಕೊಳ್ಳುತ್ತಾರೆ ಎಂದು ಅಷ್ಟು ದೂರ ಕೂತ ನಿನಗೆ ಹೇಗೆ ಗೊತ್ತಾಯಿತೋ, ನೀನು ಮೊದಲಿದ್ದ ಇಲ್ಲಿಯ ಬಂಗಾರದ ಗಣಿಯ ಕಚೇರಿಯವರು ಬರೆದಿರಬೇಕು. ಕಾಗದದಲ್ಲಿ ಇರುವುದು ಇಷ್ಟು: ನಮ್ಮ ಜಾಲಿದೊಡ್ಡಿ ಕಾಯಂ ವಸ್ತಿಯಲ್ಲ, ದುಡಿಯುವ ಮಂದಿ ಬಂದು ಹೋಗುವ ಜಾಗ. ಎರಡು ವರ್ಷದ ಹಿಂದೆ ಗಣಿಯವರು ಎಣಿಸಲು ಬಂದಾಗ ಇಲ್ಲಿ ಯಾರೂ ಇಲ್ಲ ಎಂದು ನನ್ನ ಹೆಂಡತಿ ಆದೆಮ್ಮಳೇ ಹೇಳಿದ್ದಳು. ಇದಕ್ಕೆ ನಾನು ಸಹಿ ಹಾಕಬೇಕು. ಹಾಕಿದರೆ ನಿನ್ನ ನೌಕರಿ ಉಳಿಯುತ್ತದೆ, ಹಾಕದಿದ್ದರೆ ನಿನ್ನ ಮೇಲೆ ಕೇಸು ಆಗಬಹುದು. ‘ಹೋದವರು ಹೋದರು ಅಣ್ಣಾ, ಇದ್ದವರ ಅನ್ನ ಉಳಿಸು’ ಎಂದು ಬರೆದಿದ್ದೀ. ನಿನ್ನ ಅಕ್ಷರ ಮೊದಲಿನಂತೆಯೇ ದುಂಡಗಿದೆ.

ಗ್ಯಾನಪ್ಪಾ, ನಾನು ಏಳನೆಯದರವರೆಗೆ ಓದಿದವನು. ಕಾಲುವೆ ಕಾಯುವ ಲಸ್ಕರನ ಕೆಲಸ ಮಾಡುತ್ತ ಹನ್ನೆರಡು ವರ್ಷ ಮಟ್ಟ ಬರೆದದ್ದು, ರಾತ್ರಿ ನನ್ನ ಡೈರಿಯಲ್ಲಿ ನಾಲ್ಕು ಸಾಲು ಗೀಚಿದ್ದು, ಇಷ್ಟೇ ನನ್ನ ಬರವಣಿಗೆ. ನಿನ್ನ ಹಾಗೆ ಗಣಿಯ ಇಂಗ್ಲಿಷ್ ರಿಜಿಸ್ಟರು ನನಗೆ ತಿಳಿಯುವುದಿಲ್ಲ. ಹೋದ ತಿಂಗಳು ಲಿಂಗಸುಗೂರಿಗೆ ಕರೆಸಿದಾಗ ವಿಚಾರಣೆಯ ಗುಮಾಸ್ತರು ಆ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿ, ಒಂದೊಂದು ಸಾಲು ಕನ್ನಡದಲ್ಲಿ ಹೇಳಿದರು. ಎಲ್ಲೋ ಬಿಳಿಯರ ದೇಶದಲ್ಲಿ ಕಲ್ಲಿದ್ದಲ ಗಣಿಯ ರಾಡಿ ಗುಡ್ಡ ಕುಸಿದು ಶಾಲೆಯ ಮೇಲೆ ಬಿದ್ದು ಮಕ್ಕಳು ಸತ್ತವಂತೆ. ಅದು ಆದ ಮೇಲೆ ನಮ್ಮ ಗಣಿಯ ದೊಡ್ಡ ಕಚೇರಿಯವರು ಹೆದರಿ, ನಮ್ಮ ರಾಡಿ ಒಡ್ಡುಗಳಿಗೂ ದರ್ಜೆ ಹಚ್ಚಿ ಕಳಿಸಿ ಎಂದು ಹುಕುಂ ಕಳಿಸಿದರಂತೆ. ಕಲ್ಲು ಕುಟ್ಟಿ ಬಂಗಾರ ತೆಗೆದ ಮೇಲೆ ಉಳಿದ ರಾಡಿಯನ್ನು ಹಳ್ಳಕ್ಕೆ ಅಡ್ಡ ಕಟ್ಟಿ ನಿಲ್ಲಿಸಿದ್ದು ನಮ್ಮ ತಲೆಯ ಮೇಲೆ ಮೂವತ್ತು ಅಡಿ ಇತ್ತು. ದರ್ಜೆ ಎಂದರೆ ಒಡ್ಡಿನ ಗಟ್ಟಿತನಕ್ಕೆ ಕೊಡುವ ಮಾರ್ಕು ಎಂದು ನಾನು ತಿಳಿದಿದ್ದೆ. ಅದು ಒಡೆದರೆ ಕೆಳಗೆ ಯಾರು ಸಿಗುತ್ತಾರೆ ಎಂದು ನೋಡಿ ಹಚ್ಚುತ್ತಾರಂತೆ. ಮನುಷ್ಯರು ಇದ್ದರೆ ಒಂದನೆಯದು. ಆಗ ಹಗಲೂ ರಾತ್ರಿ ಒಡ್ಡಿನ ಮೇಲೆ ಕಾವಲಿನವರು ಇರಬೇಕು, ಅಪಾಯ ಬಂದರೆ ಬಡಿಯಲು ರೈಲಿನ ಕಂಬಿ ತೂಗಬಿಡಬೇಕು, ಬುಡದಲ್ಲಿ ಜಿನುಗುವ ನೀರನ್ನು ದಿನಾ ಅಳೆಯಬೇಕು, ಒಡ್ಡನ್ನು ಎತ್ತರಿಸುವ ಮೊದಲು ಕೆಳಗಿನ ಮಂದಿಯನ್ನು ಬೇರೆ ಕಡೆ ಇಡಬೇಕು. ಕೆಳಗೆ ಹೊಲ ಮಾತ್ರ ಇದ್ದರೆ ಎರಡನೆಯದು. ಏನೂ ಇಲ್ಲದಿದ್ದರೆ ಮೂರನೆಯದು, ವರ್ಷಕ್ಕೆ ಒಂದು ಸಲ ನೋಡಿದರೆ ಸಾಕು. ನಮ್ಮ ಒಡ್ಡಿನ ಮುಂದೆ ಮೂರು ಎಂದು ಬರೆದಿತ್ತು. ‘ಒಡ್ಡಿನ ಕೆಳಗೆ ವಸ್ತಿ ಇಲ್ಲ.’ ಅದರ ಕೆಳಗೆ ಸಾಹೇಬನ ಸಹಿ, ಎಣಿಸಿದವರು ಎಂದು ನಿನ್ನ ಸಹಿ.

ಹನ್ನೊಂದು ಮನೆ, ನಲವತ್ತಮೂರು ಮಂದಿ. ಅದರಲ್ಲಿ ಒಂದು ಮನೆಯಲ್ಲಿ ನೀನು ಬೆಳೆದೆ, ನಿನ್ನ ಸಂಸಾರವೂ ಅಲ್ಲೇ ಇತ್ತು.

ಆ ದಿನ ಏನಾಯಿತು ಎಂದು ನನಗೆ ಮಕ್ತುಂಬೀ ಹೇಳಿದಳು. ನೀನು ಅವಳನ್ನು ಮರೆತಿಲ್ಲ ತಾನೇ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು, ನಿನ್ನನ್ನು ಗ್ಯಾನ್ಯಾ ಎಂದೇ ಕರೆಯುವವಳು. ಅವಳು ಬದುಕಿದ್ದಾಳೆ. ಫೆಬ್ರವರಿ ತಿಂಗಳು, ದೊಡ್ಡಿಯ ಮಂದಿಯೆಲ್ಲ ಎರಡನೇ ಬೆಳೆಯ ನಾಟಿ ಹಚ್ಚಲು ಇಲ್ಲಿಗೆ, ಗೊರೇಬಾಳದ ಕಡೆಗೆ ಬಂದಿದ್ದರು. ಪ್ರತಿ ವರ್ಷ ಹೇಗೋ ಹಾಗೇ ಬಾಗಿಲಿಗೆ ಜಾಲಿ ಮುಳ್ಳು ಇಟ್ಟು, ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದಿದ್ದರು. ಆಡು ನೋಡಲು, ಸಂಜೆ ಹನ್ನೊಂದು ಮನೆಗೂ ದೀಪ ಹಚ್ಚಲು ಇಬ್ಬರು ಉಳಿಯಬೇಕು. ಆ ಸಲ ಮಕ್ತುಂಬೀ ಮತ್ತು ನಿನ್ನ ಅತ್ತಿಗೆ ಉಳಿದಿದ್ದರು. ಜೀಪು ಬಂತು. ಕನ್ನಡ ಬಾರದ ಸಾಹೇಬ, ಪುಸ್ತಕ ಹಿಡಿದವನೊಬ್ಬ, ಅಳತೆಯ ಸರಪಳಿ ಹಿಡಿದು ನೀನು. ಮಕ್ತುಂಬೀ ಹೇಳುವಂತೆ ನೀನು ಹೊಸ ಪ್ಯಾಂಟು ಹಾಕಿಕೊಂಡು, ಮದುವಣಿಗನ ಹಾಗೆ ನಿಂತಿದ್ದೆ. ಅತ್ತಿಗೆ ನಿನ್ನನ್ನು ನೋಡಿ ನಗುತ್ತ ಎದ್ದು ಬಂದಳಂತೆ. ನೀನು ನಗಲಿಲ್ಲವಂತೆ. ಸಾಹೇಬ ಏನೋ ಕೇಳಿದ, ನೀನು ಅದನ್ನು ಕನ್ನಡದಲ್ಲಿ ಕೇಳಿದೆ.

‘ಏ ಬಾಯಿ, ಇಲ್ಲಿ ಯಾರರ ಇರ್ತಾರೇನು?’

ಗುರುತಿಲ್ಲದ ಹೆಂಗಸನ್ನು ಕರೆದ ಹಾಗೆ ಬಾಯಿ ಎಂದೆಯಂತೆ. ಆರು ವರ್ಷದವನಿದ್ದಾಗಿನಿಂದ ಬಾಯಿಗೆ ತುತ್ತು ಇಟ್ಟವಳನ್ನು.

ಅವಳು ಒಂದು ಕ್ಷಣ ನಿನ್ನ ಮುಖ ನೋಡಿ, ‘ಯಾರೂ ಇಲ್ರೀ ಸಾಹೇಬ್ರ, ಮುಳ್ಳು ಹಚ್ಯಾರ ನೋಡ್ರಿ ಎಲ್ಲಾ ಮನಿಗೆ’ ಅಂದಳು. ನೀನು ಅದನ್ನು ಸಾಹೇಬನಿಗೆ ಹೇಳಿದೆ, ಅವನು ಬರೆಸಿದ, ಜೀಪು ಹೋಯಿತು. ಆಮೇಲೆ ಮಕ್ತುಂಬೀ, ಯಾಕ ಹಂಗಂದಿ ಅಕ್ಕಾ, ನಾವಿಬ್ಬರೇನು ದೆವ್ವಗಳೇ ಎಂದು ಕೇಳಿದ್ದಕ್ಕೆ ಅವಳು ಹೇಳಿದಳಂತೆ: ‘ನಮ್ಮ ಹುಡುಗ ಗುರುತಿಲ್ಲದಂಗ ಮಾತಾಡಿದ್ನಲ್ಲ, ಲೇವಿಯವರನ್ನ ಕರಕೊಂಡು ಬಂದಿರಬೇಕು. ಹೇಳಬ್ಯಾಡ ಅಂತ ಕಣ್ಣಸನ್ನಿ ಮಾಡ್ಯಾನ.’

ಆ ವರ್ಷ ಲೇವಿ ಜೋಳಕ್ಕೆ ಸರಕಾರದವರು ಮನೆ ಮನೆ ಹೊಕ್ಕು ಕಾಳಿನ ಹಗೇವು ಬಗೆಸಿದ್ದು ನಿನಗೂ ನೆನಪಿದೆ. ಕಾಗದ ಹಿಡಿದು ಯಾರೇ ಬಂದರೂ ಯಾರೂ ಇಲ್ಲ, ಏನೂ ಇಲ್ಲ ಅನ್ನುವುದು ದೊಡ್ಡಿಯ ಕೂಸಿಗೂ ಬಾಯಿಪಾಠ ಆಗಿತ್ತು. ಕೇಳಿದ್ದು ಯಾತಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನಿನ್ನ ಜಾಣತನಕ್ಕೆ ಅವಳು ಆ ಸಂಜೆಯೆಲ್ಲ ಹಿಗ್ಗಿ, ನಮ್ಮ ಗ್ಯಾನ ಎಷ್ಟು ಚುರುಕು ಎಂದು ಮಕ್ತುಂಬಿಯ ತಲೆ ತಿಂದಳಂತೆ.

ನನ್ನ ತಪ್ಪನ್ನೂ ಬರೆಯುತ್ತೇನೆ. ಅದಾಗಿ ವಾರಕ್ಕೆ ನೀನು ಇಲ್ಲಿಗೆ ಬಂದಿದ್ದೆ. ಇದೇ ಕಟ್ಟೆಯ ಮೇಲೆ ಕೂತು, ಅಣ್ಣಾ, ಗಣಿಯವರ ಕಾಗದದಲ್ಲಿ ನಮ್ಮ ದೊಡ್ಡಿ ಇಲ್ಲ, ಇನ್ನು ಯಾರೂ ನಮ್ಮನ್ನು ಎಬ್ಬಿಸುವ ಹಾಗಿಲ್ಲ ಎಂದೆ. ಮುಂದಿನ ತಿಂಗಳು ನನ್ನನ್ನು ಕಾಯಂ ಮಾಡುತ್ತಾರೆ ಎಂದೂ ಹೇಳಿದೆ. ನಾನು ಖುಷಿಪಟ್ಟೆ. ನಾಟಿ ಹಚ್ಚಿ ಕೆಸರುಗಾಲಲ್ಲಿ ಬಂದ ದೊಡ್ಡಿಯ ಮಂದಿಯನ್ನೆಲ್ಲ ಕೂಡಿಸಿ ಬೆಲ್ಲದ ಚಹಾ ಮಾಡಿ ಕುಡಿಸಿದೆ. ನಮ್ಮ ಗ್ಯಾನಪ್ಪ ಮನೆ ಉಳಿಸಿದ ಎಂದು ಅವರು ಹೇಳಿದರು, ನಾನು ಕೇಳಿಸಿಕೊಂಡೆ. ಎಬ್ಬಿಸುವುದಿಲ್ಲ ಎಂಬುದನ್ನು ಮಾತ್ರ ನೀನು ಹೇಳಿದೆ. ಕಾವಲು ಇರುವುದಿಲ್ಲ, ಕಂಬಿ ಇರುವುದಿಲ್ಲ, ಯಾರೂ ಬಂದು ನೋಡುವುದಿಲ್ಲ, ಒಡ್ಡು ಇನ್ನೂ ಹತ್ತಡಿ ಏರುತ್ತದೆ ಎಂಬುದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೆಳಗೆ ಮಂದಿ ಇರುವುದನ್ನು ಬರೆಯದೆ ಬಿಟ್ಟರೆ ಏನಾಗುತ್ತದೆ ಎಂದು ಏರಿ ಕಾಯುವ ನನಗೆ ಹೊಳೆಯಬೇಕಿತ್ತು.

ಈ ವರ್ಷದ ಶ್ರಾವಣ ಹತ್ತಿರ ಬಂದಾಗ ನಾನು ರಜೆಯ ಮೇಲೆ ದೊಡ್ಡಿಗೆ ಹೋಗಿದ್ದೆ. ಆಡು ಹುಡುಕುತ್ತ ಒಡ್ಡಿನ ಬುಡಕ್ಕೆ ಹೋದಾಗ ನೋಡಿದೆ, ಅಂಗೈಯಷ್ಟು ಅಗಲ ನೀರು ಒಸರುತ್ತಿತ್ತು. ಒಸರುವುದು ದೊಡ್ಡ ಮಾತಲ್ಲ, ಎಲ್ಲ ಏರಿಯೂ ಬೆವರುತ್ತದೆ. ನೀರು ತಿಳಿಯಾಗಿದ್ದರೆ ನಾವು ಪುಸ್ತಕದಲ್ಲಿ ಬರೆದು ಮುಂದೆ ಹೋಗುತ್ತೇವೆ. ಅದು ಬೂದಿಬಣ್ಣ ಇತ್ತು. ಕೈಯಲ್ಲಿ ಹಿಡಿದು ತಿಕ್ಕಿದೆ, ಹಿಟ್ಟಿನಂಥ ರಾಡಿ ಬೆರಳಿಗೆ ಹತ್ತಿತು. ನೀರು ಮಣ್ಣನ್ನು ಹೊತ್ತು ತರುತ್ತಿದೆ ಎಂದರೆ ಒಳಗೆ ಒಡ್ಡು ಸವೆಯುತ್ತಿದೆ ಎಂದು ಹನ್ನೆರಡು ವರ್ಷದ ಲಸ್ಕರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾನುವಾರವಾದರೂ ನಿನಗೆ ಪಾಳಿ ಇತ್ತು, ಅಲ್ಲಿಂದಲೇ ಗಣಿಯ ಕಚೇರಿಗೆ ಓಡಿಬಂದು ನಿನಗೆ ಹೇಳಿದೆ. ಕಚೇರಿಯ ಬಾಗಿಲಲ್ಲಿ ನಿಂತು ನಿನಗಷ್ಟೇ ಹೇಳಿದೆ, ಬೇರೆ ಯಾರಿಗೂ ಹೇಳಲಿಲ್ಲ. ತಮ್ಮ ಒಳಗೆ ಇರುವಾಗ ಸಾಹೇಬನ ಮುಂದೆ ಹೋಗಿ ನಾನು ಯಾಕೆ ಕೈಮುಗಿಯಲಿ ಎಂಬ ಒಂದು ಸೊಕ್ಕೂ ನನಗಿತ್ತು ಅನ್ನು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟು ‘ಇವತ್ತೇ ಬರದು ಮ್ಯಾಲ ಕಳಸ್ತೀನಣ್ಣ, ನೀ ಹೋಗು, ಚಿಂತಿ ಮಾಡಬ್ಯಾಡ’ ಅಂದೆ. ನಾನು ನಿಶ್ಚಿಂತೆಯಿಂದ ಸಂಜೆಯ ಬಸ್ಸು ಹತ್ತಿದೆ. ಗುಮಾಸ್ತರು ಆ ತಿಂಗಳ ಪುಟವನ್ನೆಲ್ಲ ತೆಗೆದು ತೋರಿಸಿದರು. ಅಂಥ ಬರಹ ಇಲ್ಲ. ಒಸರುವ ನೀರಿನ ಬಗ್ಗೆ ಬರೆದರೆ ಕೆಳಗೆ ಯಾರಿದ್ದಾರೆ ಎಂದು ಮೇಲಿನವರು ಮತ್ತೆ ಕೇಳುತ್ತಿದ್ದರು, ನಿನ್ನ ಸಹಿ ಹೊರಗೆ ಬರುತ್ತಿತ್ತು. ಹೀಗೆ ಎಂದು ನಾನು ತಿಳಿದಿದ್ದೇನೆ. ತಪ್ಪಿದ್ದರೆ ತಿದ್ದಿ ಬರೆ.

ಸೆಪ್ಟೆಂಬರ್ ಇಪ್ಪತ್ತೇಳರ ಬಗ್ಗೆ ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಅಷ್ಟರಲ್ಲಿ ಧನಬಾದಿಗೆ ಹೋಗಿದ್ದ ನೀನು ತಾರು ಕಳಿಸಿದೆ, ಹೊಸ ನೌಕರಿ, ರಜೆ ಸಿಗುವುದಿಲ್ಲ ಎಂದು. ಮೂರು ದಿನ ಮಳೆ ಹಿಡಿದಿತ್ತು. ಶನಿವಾರ ಬೆಳಗ್ಗೆ ಎಂಟರ ಸುಮಾರಿಗೆ, ರೊಟ್ಟಿ ಬಡಿಯುವ ಹೊತ್ತಿನಲ್ಲಿ ಒಡೆಯಿತು. ನೀರಾಗಿದ್ದರೆ ಈಸಬಹುದಿತ್ತು, ಮರ ಹತ್ತಬಹುದಿತ್ತು. ಅದು ಕಲಸಿದ ಸುಣ್ಣದ ಹಾಗೆ ಬಂತು, ಬಂದು ನಿಂತುಬಿಟ್ಟಿತು. ಇಲ್ಲಿ ನನಗೆ ಮಧ್ಯಾಹ್ನ ಗೊತ್ತಾಯಿತು, ಮಸ್ಕಿಯಿಂದ ಬಂದ ಬಸ್ಸಿನ ಡ್ರೈವರು ಹೇಳಿದ. ನಾನು ಹೋಗಿ ಮುಟ್ಟುವಾಗ ಸಂತೆಕಲ್ಲೂರಿನಿಂದ ಮಂದಿ ಸಲಿಕೆ, ಬುಟ್ಟಿ ಹಿಡಿದು ಬಂದಿದ್ದರು. ಸತ್ತವರು ಒಂಬತ್ತು ಮಂದಿ. ನಿನ್ನ ಅತ್ತಿಗೆ ನಾಲ್ಕನೆಯ ದಿನ ಹಳ್ಳದ ತಿರುವಿನಲ್ಲಿ ಸಿಕ್ಕಳು. ಒಬ್ಬರ ಪಕ್ಕ ಒಬ್ಬರನ್ನು ಮಲಗಿಸಿದ್ದರು, ಎಲ್ಲರೂ ಒಂದೇ ಬೂದಿಬಣ್ಣ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನಾನು ಅವಳನ್ನು ದಾಟಿ ಮುಂದೆ ಹೋದೆ. ‘ಇಲ್ಲಿ ಅದಾಳ ಭಾವಾ’ ಎಂದು ಮಕ್ತುಂಬೀ ಕರೆದಳು.

ನೀನು ಕಾಯಂ ಆಗಬೇಕೆಂದು ಸಹಿ ಹಾಕಿದ್ದು ನನಗೆ ಅರ್ಥವಾಗುತ್ತದೆ. ದಿನಗೂಲಿಯ ಮೇಲೆ ಐದು ವರ್ಷ ಸರಪಳಿ ಎಳೆದವನು, ಸಾಹೇಬ ಬರೆ ಎಂದಾಗ ಬರೆಯುವುದಿಲ್ಲ ಅನ್ನುವ ಧೈರ್ಯ ನನಗಿರುತ್ತಿತ್ತೋ ಇಲ್ಲವೋ. ಅದನ್ನು ಮನಸ್ಸು ಹೇಗೋ ನುಂಗಿಕೊಳ್ಳುತ್ತಿದೆ. ಆದರೆ ಈ ಟೈಪಿನ ಕಾಗದ, ಅವಳೇ ಹೇಳಿದ್ದಳು ಎನ್ನುವ ಆ ಒಂದು ಸಾಲು, ಅದನ್ನು ನೀನು ಎಷ್ಟು ಹೊತ್ತು ಕೂತು ಬರೆಸಿದೆ? ಸತ್ತವಳು ಬಂದು ಇಲ್ಲ ಅನ್ನುವುದಿಲ್ಲ ಎಂದು ನಿನಗೆ ಗೊತ್ತು. ಬಸವಣ್ಣೆಮ್ಮ ಇದನ್ನು ಓದಿದ್ದಾಳೆಯೇ?

ಇನ್ನೊಂದು ಕಡೆ ಜೋಗಮ್ಮನ ಮುಖ ಕಣ್ಣೆದುರು ಬರುತ್ತದೆ. ಪರವೂರಿನಲ್ಲಿ ನೌಕರಿ ಹೋಗಿ ನೀವು ನಾಲ್ವರು ರೈಲು ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತ ಹಾಗೆ ಕಾಣುತ್ತದೆ. ನನಗಾದರೂ ಇನ್ನು ಉಳಿದಿರುವುದು ನೀವೇ. ನಾಳೆ ಏನು ಹೇಳಬೇಕು ಎಂದು ಈ ಸಾಲು ಬರೆಯುವವರೆಗೂ ನನಗೆ ಬಗೆಹರಿದಿಲ್ಲ. ಏನೂ ಗೊತ್ತಿಲ್ಲ, ನಾನು ಗೊರೇಬಾಳದಲ್ಲಿದ್ದೆ ಎಂದು ಹೇಳಿ ಎದ್ದು ಬಂದುಬಿಡಲೇ ಎಂದೂ ಅನ್ನಿಸುತ್ತದೆ. ಅದು ಸುಳ್ಳೂ ಅಲ್ಲ.

ಕತ್ತಲಾಗುತ್ತ ಬಂತು, ಕಂದೀಲಿನಲ್ಲಿ ಎಣ್ಣೆ ಕಡಿಮೆ ಇದೆ. ಮಕ್ಕಳಿಗೆ ದೊಡ್ಡಪ್ಪ ಕೇಳಿದ ಎಂದು ಹೇಳು, ಇಬ್ಬರ ತಲೆಯ ಮೇಲೂ ನನ್ನ ಕೈ ಇದೆ ಎಂದುಕೊಳ್ಳಲಿ. ಬಸವಣ್ಣೆಮ್ಮನಿಗೆ ಮೈ ಜೋಪಾನ ಮಾಡಿಕೊಳ್ಳಲು ತಿಳಿಸು. ನಿನ್ನ ಎದೆಗೆ ಚಳಿ ತಾಗದಿರಲಿ.

ನಿನ್ನ ಅಣ್ಣ,
ದ್ಯಾವಪ್ಪ

ತಾ. ಕ. — ಲಕೋಟೆಗೆ ಅಂಟು ಹಚ್ಚುವ ಮೊದಲು, ನಾಳೆ ಕೇಳಿದರೆ ತಾರೀಖು ತಪ್ಪಬಾರದು ಎಂದು ನನ್ನ ಡೈರಿ ತೆಗೆದೆ. ಆಗಸ್ಟ್ ಹತ್ತು, ಭಾನುವಾರ: ‘ಒಡ್ಡಿನ ಬುಡದಲ್ಲಿ ಬೂದಿನೀರು. ಗ್ಯಾನಪ್ಪನಿಗೆ ಹೇಳಿದೆ.’ ಅದರ ಕೆಳಗೆ ಎರಡು ದಿನ ಬರೀ ಕಾಲುವೆಯ ಮಟ್ಟ ಇದೆ. ಆಗಸ್ಟ್ ಹದಿಮೂರು, ಬುಧವಾರ: ‘ಸಣ್ಣವನಿಗೆ ಕೆಮ್ಮು, ದವಾಖಾನೆ ಹತ್ತಿರ ಆಗುತ್ತದೆ ಎಂದು ಗ್ಯಾನಪ್ಪ ಗಣಿಯ ಲಾರಿ ತರಿಸಿ, ಹೆಂಡತಿ ಮಕ್ಕಳನ್ನು, ಪಾತ್ರೆ ಪಗಡವನ್ನು ದೊಡ್ಡಿಯಿಂದ ಲಿಂಗಸುಗೂರಿಗೆ ಸಾಗಿಸಿದನಂತೆ. ಆದೆಮ್ಮ ಬುತ್ತಿ ಕಟ್ಟಿಕೊಟ್ಟಳಂತೆ. ಬಸ್ಸಿನವನ ಕೈಲಿ ಹೇಳಿ ಕಳಿಸಿದ್ದಾಳೆ.’ ಎರಡನ್ನೂ ನಾನೇ ಬರೆದಿದ್ದೇನೆ, ನಡುವೆ ಮೂರೇ ದಿನ ಎಂದು ಇವತ್ತಿನವರೆಗೆ ನೋಡಿರಲಿಲ್ಲ. ನೀನು ನನ್ನ ಮಾತನ್ನು ನಂಬಿದ್ದೆ. ನಿನ್ನ ಮಕ್ಕಳನ್ನು ತೆಗೆದುಕೊಂಡು ಹೋಗುವಾಗ ಅವಳಿಗೆ ಒಂದು ಮಾತು ಹೇಳಲಿಲ್ಲ.

ನಿನ್ನ ಕಾಗದಕ್ಕೆ ಸಹಿ ಹಾಕಿಲ್ಲ, ಹಾಕುವುದಿಲ್ಲ. ನನ್ನ ಚಹಾದ ಮಾತನ್ನೂ ಸೇರಿಸಿ ಎಲ್ಲವನ್ನೂ ಹೇಳುತ್ತೇನೆ. ಅಲ್ಲಿ ಕಲ್ಲಿದ್ದಲು ತೊಳೆದ ರಾಡಿ ಒಡ್ಡುಗಳ ಪುಸ್ತಕ ನಿನ್ನ ಕೈಯಲ್ಲೇ ಇದೆ ಎಂದು ನೀನೇ ಬರೆದಿದ್ದೆ. ಅವುಗಳ ಕೆಳಗೆ ಇಳಿದು ಹೋಗಿ ಯಾರು ಇದ್ದಾರೆ ನೋಡು, ಬಾಗಿಲು ಮುಚ್ಚಿದ್ದರೆ ಸಂಜೆ ಮತ್ತೆ ಹೋಗು. ಈ ಪತ್ರ ನಿನಗೆ ಮುಟ್ಟಲು ಏಳು ದಿನ ಬೇಕು. ನಾಳೆ ಬೆಳಗ್ಗೆ ಆರೂವರೆಗೆ ಸಿಂಧನೂರಿನಿಂದ ಬಸ್ಸು, ಹನ್ನೊಂದಕ್ಕೆ ನನ್ನ ಹೇಳಿಕೆ.